ಹಾಡಿ ತೋರಿಸದ ದೊರೆಸಾನಿ

ಕಳೆದ ವಾರ ನಮ್ಮ ಹಾಸ್ಟೆಲಿನಲ್ಲಿ ಯಾರಿಗೋ ನೆಗಡಿಯಾಗಿ, ಬಿಸಿನೀರಿಗೆ ನೀಲಗಿರಿ ಎಣ್ಣೆ ಹಾಕಿಕೊಂಡು ಆವಿ ತೆಗೆದುಕೊಳ್ಳುತ್ತಿದ್ದರು. ನಾನು ಓದುತ್ತಿದ್ದ ಪುಸ್ತಕ ಮುಚ್ಚಿದೆ. ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ನನಗೆ ಹಾಡು ಕಲಿಸಿದವರ ಮನೆಯ ವಾಸನೆ ಅದು...

ಚಿನ್ನ ತೆಗೆದು ಉಳಿದ ಪುಡಿಮಣ್ಣಿನ ಸೈನೈಡ್ ದಿಬ್ಬದ ದೂಳಿಗೆ ಗಂಟಲು ಕಟ್ಟುತ್ತದೆಂದು ಅವರು ದಿನವೂ ಆವಿ ತೆಗೆದುಕೊಳ್ಳುತ್ತಿದ್ದರು. ಗಣಿಯ ಜನ ತಮಿಳು ಬೆರೆಸಿ ಅವರನ್ನು ಪಾಟ್ಟು ದೊರೆಸಾನಿ, ಅಂದರೆ ಹಾಡಿನ ದೊರೆಸಾನಿ, ಎನ್ನುತ್ತಿದ್ದರು. ಅವರ ದೇಶದಲ್ಲಿ ಇಡೀ ನಾಟಕವನ್ನು ಹಾಡಿನಲ್ಲೇ ಆಡುವ ಪದ್ಧತಿಯಿದೆ, ಒಪೆರಾ ಎನ್ನುತ್ತಾರೆ. ಹನ್ನೆರಡು ವರ್ಷ ಅದರಲ್ಲಿ ನಾಯಕಿಯಾಗಿದ್ದರು. ಗಂಟಲಿನಲ್ಲಿ ಗಡ್ಡೆಯಾಗಿ ಕೊಯ್ಯಿಸಿದ ಮೇಲೆ ಪ್ರಾಣ ಉಳಿಯಿತು, ದನಿ ಉಳಿಯಲಿಲ್ಲ. ಗಣಿಯ ಇಂಜಿನಿಯರೊಬ್ಬರನ್ನು ಮದುವೆಯಾಗಿ ನಮ್ಮೂರಿಗೆ ಬಂದರು.

ಕಲಿಸುವಾಗ ಅವರು ಎಂದೂ ಹಾಡಿ ತೋರಿಸಲಿಲ್ಲ. ಪಿಯಾನೊದಲ್ಲಿ ಸ್ವರ ನುಡಿಸಿ, ನನ್ನ ಪಕ್ಕೆಲುಬಿನ ಮೇಲೆ ಬೆರಳಿಟ್ಟು, ಉಸಿರು ಎಲ್ಲಿಂದ ಬರಬೇಕೆಂದು ತಿಳಿಸುತ್ತಿದ್ದರು. "ನನ್ನ ದನಿ ಚೆನ್ನಾಗಿದ್ದಾಗ ಕೇಳಿದವರಿದ್ದಾರೆ. ಅಷ್ಟು ಸಾಕು" ಎಂದು ಒಮ್ಮೆ ಇಂಗ್ಲಿಷಿನಲ್ಲಿ ಹೇಳಿದ್ದರು.

ಅವರ ಅಡುಗೆಯಾಕೆ ಬೇತಮಂಗಲದ ಕಡೆಯವಳು. ನನ್ನ ಅಭ್ಯಾಸ ಅವಳಿಗೆ ತಮಾಷೆ. "ಅಂಗೆ ಬಾಯ್ ತೆಗೆದ್ರೆ ಮೂವತ್ತೆರಡು ಅಲ್ಲೂ ಎಣಿಸ್ಬೋದು ಕಣಮ್ಮ. ಗಂಡಿನ ಕಡೆಯೋರು ನೋಡಿದ್ರೆ ಎದ್ದು ಓಡೋಗ್ತಾರೆ!"

ಗಣಿಯ ಆಳದಲ್ಲಿ ಬಂಡೆ ಸಿಡಿದರೆ ಮೇಲೆ ನೆಲ ನಡುಗುತ್ತಿತ್ತು. ಆಗ ನಮ್ಮ ಸಾಲುಮನೆಗಳಲ್ಲಿ ಎಲ್ಲರೂ ಬಾಯಿ ಮುಚ್ಚುತ್ತಿದ್ದರು. ಅಳುವ ಮಗುವಿನ ಬಾಯಿಗೂ ಕೈ ಅಡ್ಡ ಬರುತ್ತಿತ್ತು. ಒಳಗೆ ಜನ ಸಿಕ್ಕಿಬಿದ್ದರೆ ಕೂಗುವ ಸೈರನ್ ಕೂಗುತ್ತದೆಯೇ, ಯಾವ ಕಡೆಯಿಂದ ಎಂದು ಕೇಳಿಸಿಕೊಳ್ಳಬೇಕಲ್ಲ. ಪಾಠದ ನಡುವೆ ನಾನು ಹಾಗೆ ನಿಲ್ಲಿಸಿದರೆ ಅವರು ಗದರದೆ ಕಾಯುತ್ತಿದ್ದರು.

ನನಗೆ ಹದಿನಾರಾದಾಗ, ಕ್ರಿಸ್‌ಮಸ್‌ಗೆ ಮುಂಚೆ, ಕ್ಲಬ್ಬಿನಲ್ಲಿ ಹಾಡುವ ಅವಕಾಶ ಕೊಡಿಸಿದರು. ಗುಮಾಸ್ತರ ಮಗಳು ದೊರೆಗಳ ಮುಂದೆ ಹಾಡುವುದೇ ಎಂದು ಕೆಲವರು ತಕರಾರು ಮಾಡಿದರಂತೆ. ಅವರು ಬಿಡಲಿಲ್ಲ. ಹಿಂದೆ ತಮಗೆ ಹೆಸರು ತಂದಿದ್ದ ಹಾಡನ್ನೇ ನನಗೆ ಕಲಿಸಿದ್ದರು.

ಹಾಡು ಎತ್ತರಕ್ಕೆ ಏರಬೇಕಾದ ಜಾಗದಲ್ಲಿ ನೆಲ ನಡುಗಿತು. ನನ್ನ ಬಾಯಿ ತಾನಾಗಿ ಮುಚ್ಚಿತು. ಸೈರನ್ ಕೂಗಲಿಲ್ಲ. ಅವರು ಅದೇ ಸಾಲನ್ನು ಪಿಯಾನೊದಲ್ಲಿ ಮತ್ತೆ ನುಡಿಸಿದರು, ಇನ್ನೊಮ್ಮೆ ನುಡಿಸಿದರು. ನನ್ನ ಗಂಟಲು ತೆರೆಯಲಿಲ್ಲ. ಮುಂದಿನ ಕುರ್ಚಿಗಳಲ್ಲಿ ಯಾರೋ ನಕ್ಕರು.

ಆಗ, ಕುಳಿತಲ್ಲಿಂದಲೇ, ಅವರು ಹಾಡಿದರು.

ಮೊದಲೆರಡು ಪದಗಳಲ್ಲಿ ಆ ದನಿ ಹಿಂದೆ ಎಂಥದ್ದಾಗಿತ್ತೆಂದು ತಿಳಿಯಿತು. ಮೂರನೆಯದರಲ್ಲಿ ಅದು ಹರಿದುಹೋಯಿತು. ಆಮೇಲೆ ಬರೀ ಗಾಳಿ, ಒಂದು ಒರಟು ಗೀರು... ಆದರೂ ನಿಲ್ಲಿಸದೆ ಕೊನೆಯವರೆಗೂ ಹಾಡಿದರು. ಜನ ಮೆಲ್ಲಗೆ ಚಪ್ಪಾಳೆ ತಟ್ಟಿದರು, ರೋಗಿಯ ಕೋಣೆಯಲ್ಲಿ ನಡೆದಾಡುವಷ್ಟು ಮೆಲ್ಲಗೆ.

ಹೊರಗೆ, ಬಾಗಿಲ ಬಳಿ ನಿಂತು ಕೇಳಿದ್ದ ಅಡುಗೆಯಾಕೆ ನನ್ನ ತೋಳು ಹಿಡಿದಳು. "ಯಾಕಮ್ಮ ಬಾಯ್ ಮುಚ್ಕೊಂಡೆ? ಅವಮ್ಮ ಈಟು ವರ್ಷ ಬಚ್ಚಿಟ್ಟಿದ್ದನ್ನ ಎಲ್ಲರ ಮುಂದೆ ಬಿಚ್ಚಿಸ್ಬಿಟ್ಟೆಯಲ್ಲ!"

ಅಷ್ಟರಲ್ಲಿ ಅವರೇ ಬಂದರು. ಮುಖ ಬಿಳಿಚಿತ್ತು. "ನಿನ್ನವರು ಯಾರಾದರೂ ಕೆಳಗೆ ಗಣಿಯಲ್ಲಿದ್ದರೇ?" ಎಂದು ಕೇಳಿದರು.

ಇಲ್ಲ ಎನ್ನಬೇಕಿತ್ತು. "ಅಣ್ಣ ಇದ್ದ" ಎಂದೆ.

ಗಣಿಯಲ್ಲಿ ಕೆಲಸಕ್ಕಿದ್ದ ಅಣ್ಣ ಆ ದಿನ ರಜೆ ಹಾಕಿ ಬಂಗಾರಪೇಟೆಯಲ್ಲಿ ಅತ್ತೆಯ ಮನೆಯಲ್ಲಿದ್ದ.

ಅವರು ನನ್ನ ತಲೆಯನ್ನು ಎದೆಗೊತ್ತಿಕೊಂಡರು. "ಹಾಗಾದರೆ ನೀನು ಮಾಡಿದ್ದೇ ಸರಿ" ಎಂದರು.

ಆಮೇಲೆ ಅವರು ಯಾರಿಗೂ ಪಾಠ ಹೇಳಲಿಲ್ಲ. ಬೇಸಿಗೆಯಲ್ಲಿ ಗಂಡನಿಗೆ ನಿವೃತ್ತಿಯಾಗಿ ಇಬ್ಬರೂ ತಮ್ಮ ದೇಶಕ್ಕೆ ಹೊರಟರು. ಬಂಗಾರಪೇಟೆಯ ಪ್ಲಾಟ್‌ಫಾರಮ್ಮಿನಲ್ಲಿ ನಿಜ ಹೇಳಲೆಂದೇ ಹೋಗಿದ್ದೆ. ಅವರು ಕಿಟಕಿಯಿಂದ ಬಗ್ಗಿ, "ಅಣ್ಣ ಚೆನ್ನಾಗಿದ್ದಾನೆಯೇ?" ಎಂದರು. ಹೂಂ ಎಂದೆ. ರೈಲು ಹೊರಟಿತು.

ಡಿಗ್ರಿ ಮುಗಿದ ಮೇಲೆ ಅವರಿಗೆ ನಿಜ ಬರೆಯೋಣ, ಇಂಗ್ಲಿಷ್ ಇನ್ನಷ್ಟು ಚೆನ್ನಾಗಿ ಬಂದ ಮೇಲೆ ಬರೆಯೋಣ ಎಂದುಕೊಂಡೇ ಇದ್ದೆ. ನಿನ್ನೆ ಅಪ್ಪನ ಕಾಗದ ಬಂತು. ಪಾಟ್ಟು ದೊರೆಸಾನಿ ತೀರಿಕೊಂಡ ಸುದ್ದಿ ಗಣಿಯ ಕಚೇರಿಗೆ ಬಂದಿದೆಯಂತೆ.

ಅವರು ನನ್ನನ್ನು ಕ್ಷಮಿಸಿಯೇ ಹೋದರು, ಆ ಸಂಜೆ ಗಣಿಗೆ ಇಳಿದೇ ಇರದಿದ್ದ ಅಣ್ಣನಿಗಾಗಿ.