ಕನ್ವರ್ಟರ್ ಗಟ್ಟಿ ಐತಿ!

ಗೆಳೆಯರೇ, ಕಾರಿನ ಎಂಜಿನ್ ಎಚ್ಚರಿಕೆಯ ದೀಪ ಹತ್ತಿಕೊಂಡಿತೆಂದು ಇವತ್ತು ಬೆಳಿಗ್ಗೆ ಗೋಕಾಕದ ಒಂದು ಗ್ಯಾರೇಜಿಗೆ ಹೋಗಿದ್ದೆ. ಅಲ್ಲಿಯವನು ಸ್ಕ್ಯಾನರ್ ಜೋಡಿಸಿ ನೋಡಿದ. ಕೆಳಗೆ ಬಗ್ಗಲೂ ಇಲ್ಲ.

"ಹೊಗಿ ಶುದ್ಧ ಮಾಡೂ ಕ್ಯಾಟಲಿಟಿಕ್ ಕನ್ವರ್ಟರ್ ಹೋಗೇತ್ರಿ ಮೇಡಂ. ಹೊಸಾದ್ ಹಾಕಬೇಕು, ಇಲ್ಲಾಂದ್ರ ಅದನ್ನ ಕತ್ತರಿಸಿ ಬರೇ ಪೈಪ್ ಹಾಕತೀವಿ."

ನಾನು ಹುಕ್ಕೇರಿಯಲ್ಲಿ ಹೆಂಗಸರಿಗೆ ಡ್ರೈವಿಂಗ್ ಕಲಿಸುತ್ತೇನೆ. ನಾಳೆ ನಾಲ್ವರಿಗೆ ಲೈಸೆನ್ಸ್ ಪರೀಕ್ಷೆ, ಇರುವುದು ಈ ಹಳೆಯ ಕಾರೊಂದೇ. ಹೊಸ ಕನ್ವರ್ಟರ್ ಕೊಳ್ಳುವ ಶಕ್ತಿಯಿಲ್ಲ. ಊರಿಗೆಲ್ಲ ಹೊಗೆ ಕುಡಿಸುವ ಮನಸ್ಸೂ ಇಲ್ಲ. "ಎರಡೂ ಬ್ಯಾಡ್ರಿ," ಎಂದವಳೇ ಮೂಡಲಗಿಯಲ್ಲಿರುವ ಪರಿಚಯದ ಮೆಕ್ಯಾನಿಕ್ ಕಾಕಾರ ಹತ್ತಿರ ಹೋದೆ. ಪರೀಕ್ಷೆಗೆ ಹೋಗಬೇಕಾದ ಗಂಗವ್ವನೂ ಜೊತೆಗಿದ್ದಳು.

ಕಾಕಾ ಮೊದಲು ಎಂಜಿನ್ ತಣ್ಣಗಾಗಲು ಬಿಟ್ಟರು. ಆಮೇಲೆ ಚಾಲೂ ಮಾಡಿಸಿ, ಹೊಗೆ ಕೊಳವೆಯ ಬಾಯಿಗೆ ಬಟ್ಟೆ ಒತ್ತಿ ಹಿಡಿಯಲು ಗಂಗವ್ವನಿಗೆ ಹೇಳಿದರು. ತಾವು ಕೆಳಗೆ ಮಲಗಿ, ಕನ್ವರ್ಟರಿನ ಮುಂದಿನ ಜೋಡಣೆಗೆ ಸಾಬೂನಿನ ನೀರು ಹಾಕಿದರು. ಬುಳುಬುಳು ನೊರೆ ಎದ್ದಿತು.

"ನೋಡವಾ, ಇಲ್ಲಿ ಜೋಡಣಿ ಸಂದಿ ಮುಚ್ಚೂ ಗ್ಯಾಸ್ಕೆಟ್ ಸುಟ್ಟೈತಿ. ಗಾಡಿ ಓಡೂವಾಗ ಇದ ಸಂದಿಯಿಂದ ಹೊರಗಿನ ಗಾಳಿ ಒಳಗ ಹೊಕ್ಕು, ಹೊಗಿ ಅಳೆಯೂ ಸೆನ್ಸರ್ ತಪ್ಪು ಹೇಳಾಕತ್ತೈತಿ. ಕನ್ವರ್ಟರ್ ಗಟ್ಟಿ ಐತಿ!"

ಒಂದು ಗ್ಯಾಸ್ಕೆಟ್, ಒಂದು ತಾಸಿನ ಕೆಲಸ. ವಾಪಸ್ ಬರುವಾಗ ಗಂಗವ್ವನೇ ಓಡಿಸಿದಳು. ದೀಪ ಮತ್ತೆ ಹತ್ತಲಿಲ್ಲ. ಆದರೆ ಮೂರನೇ ಗೇರ್ ಹಾಕು ಎಂದಾಗಲೆಲ್ಲ ಅವಳದು ಒಂದೇ ಉತ್ತರ: "ಎರಡರಾಗ ಚಲೋ ಹೊಂಟೈತ್ರಿ ಅಕ್ಕಾರ."

ಈ ರಿಪೇರಿ ಮಾತ್ರ ಕಾಕಾರದಲ್ಲ, ನನ್ನದೇ. ನಾಳೆ ಬೆಳಗಿನೊಳಗೆ ಮಾಡಿಯೇ ತೀರುತ್ತೇನೆ.