ಮಾಸಿಯ ಬಾಗಿಲಿಗೆ ಗುರಿಯಿಟ್ಟ ಫಿರಂಗಿ

ಶುಕ್ರವಾರ ಬೆಳಿಗ್ಗೆ ಏಳು ಗಂಟೆಗೆ ನಂಜನಗೂಡಿನಲ್ಲಿ ಊಟಿ ಬಸ್ಸು ಹತ್ತಿದೆ. ನಿವೃತ್ತನಾಗಿ ಹದಿನಾಲ್ಕು ವರ್ಷವಾದ ಮೇಲೆ ಪೆಟ್ಟಿಗೆಯ ತಳದಿಂದ ಪದಕಗಳ ಕೋಟು ತೆಗೆದು ಹಾಕಿಕೊಂಡಿದ್ದೆ. ಕಂಡಕ್ಟರ್ ನನ್ನ ಎದೆ ನೋಡಿ, “ಯಾವ ಬ್ಯಾಂಡ್‌ಸೆಟ್ಟು ಯಜಮಾನ್ರೇ? ಮದುವೆ ಊಟೀಲಾ?” ಎಂದ. “ಬ್ಯಾಂಡ್ ಅಲ್ಲ ಕಣಯ್ಯಾ, ಫಿರಂಗಿ. ನಾವು ಊದೋರಲ್ಲ, ಹಾರಿಸೋರು” ಎಂದೆ. ಅವನು ಚಿಲ್ಲರೆ ಕೊಟ್ಟು ಹಿಂದಕ್ಕೆ ಹೋದ. ಪ್ರಯಾಣ ಶುರುವಾದದ್ದೇ ಸಿಟ್ಟಿನಿಂದ ಎಂದು ಮೊದಲೇ ಹೇಳಿಬಿಡುತ್ತೇನೆ.

ಹೊರಟದ್ದಕ್ಕೆ ಕಾರಣ ಜೋಗಿಯ ಕಾಗದ. ಜೋಗಿ, ನಂಜ, ನಾನು ಮೂವರೂ ಒಂದೇ ಗನ್ನಿನವರು. ಅದು ಇಪ್ಪತ್ತೈದು ಪೌಂಡಿನ ಗುಂಡು ಹಾರಿಸುವ ಹಳೆಯ ಫಿರಂಗಿ. ನಂಜ ಗುರಿ ಹಿಡಿಯುವವನು, ಜೋಗಿ ಗುಂಡು ತುಂಬುವವನು, ಹುಕುಂ ಕೊಡುವವನು ನಾನು. ಎಪ್ಪತ್ತೊಂದರ ಯುದ್ಧದಲ್ಲಿ ಎದುರಿನಿಂದ ಬಂದ ಗುಂಡಿನ ಚೂರು ಹೊಕ್ಕು ನಂಜ ಗನ್ನಿನ ಪಕ್ಕದಲ್ಲೇ ಸತ್ತ. ಜೋಗಿ, ನಂಜ ಇಬ್ಬರೂ ಊಟಿಯಾಚೆಯ ಒಂದೇ ಹಟ್ಟಿಯ ಬಡಗರು. “ಅಂಥದ್ದೇ ಒಂದು ಹಳೇ ಗನ್ನು ನಮ್ಮ ಹಟ್ಟಿಗೆ ಬಂದಿದೆ. ನಂಜನ ಹೆಸರಲ್ಲಿ ನಿಲ್ಲಿಸುತ್ತಾರೆ. ಭಾನುವಾರ ಕಾರ್ಯಕ್ರಮ. ನೀನು ಬಾರದಿದ್ದರೆ ಆಗದು” ಎಂದು ಜೋಗಿ ಬರೆದಿದ್ದ.

ಬಂಡೀಪುರದ ಕಾಡಿನಲ್ಲಿ ಜಿಂಕೆ ಬಿಟ್ಟರೆ ಏನೂ ಕಾಣಲಿಲ್ಲ. ತೆಪ್ಪಕಾಡಿನ ಸೇತುವೆಯ ಹತ್ತಿರ ಬಸ್ಸು ನಿಂತಾಗ ಕೆಳಗೆ ಹೊಳೆಯಲ್ಲಿ ಮಾವುತನೊಬ್ಬ ಆನೆಯ ಕಿವಿಯ ಹಿಂದೆ ತಿಕ್ಕುತ್ತಿದ್ದ. ಎಷ್ಟು ಹೊತ್ತು ತಿಕ್ಕಿದನೋ, ಅವನಿಗೆ ಅವಸರವೇ ಇರಲಿಲ್ಲ. ನಾವೂ ಗನ್ನನ್ನು ಹಾಗೇ ಒರೆಸುತ್ತಿದ್ದೆವು. ಆಯುಧಪೂಜೆಯ ದಿನ ಅದಕ್ಕೆ ಕುಂಕುಮ ಇಟ್ಟ ಮೇಲೇ ನಮಗೆ ಊಟ. ಖಾಲಿ ಗನ್ನೇ ಆದರೂ ಅದರ ಬಾಯಿಯ ಮುಂದೆ ಯಾರೂ ದಾಟುತ್ತಿರಲಿಲ್ಲ. ಸುತ್ತಿ, ಹಿಂದಿನಿಂದಲೇ ಹೋಗಬೇಕು. ಹೊಸಬನೊಬ್ಬ ಮರೆತು ದಾಟಿದರೆ ಅವತ್ತೆಲ್ಲ ಅವನಿಗೆ ಮೈದಾನ ಸುತ್ತುವ ಶಿಕ್ಷೆ.

ಗೂಡಲೂರಿನಲ್ಲಿ ಮಲೆಯಾಳಿ ಹೋಟೆಲಿನಲ್ಲಿ ಪುಟ್ಟು, ಕಡಲೆ ತಿಂದೆ. ನಡುವಟ್ಟಂ ಬರುವಷ್ಟರಲ್ಲಿ ಮಂಜು ಕವಿದು ಚಹಾ ತೋಟಗಳು ಕಾಣದಾದವು. ಡ್ರೈವರ್ ದೀಪ ಹಾಕಿಕೊಂಡೇ ಹತ್ತಿಸಿದ. ಊಟಿ ತಲುಪಿದ್ದು ಒಂದೂವರೆಗೆ. ಅಲ್ಲಿಂದ ಸಣ್ಣ ಬಸ್ಸಿನಲ್ಲಿ ಮುಕ್ಕಾಲು ಗಂಟೆ.

ಜೋಗಿ ನಿಲ್ದಾಣದಲ್ಲೇ ಕಾದಿದ್ದ. ಹಲ್ಲು ಅರ್ಧ ಹೋಗಿದ್ದರೂ ನಿಂತ ಭಂಗಿ ಮಾತ್ರ ಅದೇ. “ಬಂದಿಯಾ ಅಣ್ಣಾ! ಎಂಗ ಊರಿಗೆ ಈಗಲಾದರೂ ಬಂದಿಯಾ!” ಎಂದು ಅಪ್ಪಿಕೊಂಡ. “ಊಟ ಆಮೇಲೆ, ಮೊದಲು ಗನ್ನು ತೋರಿಸು” ಎಂದೆ. ಅವನ ಮುಖ ಇಳಿದುಹೋಯಿತು.

ಹಟ್ಟಿಯ ಬಾಯಲ್ಲೇ, ಶಾಮಿಯಾನದ ಕಂಬಗಳ ನಡುವೆ ಅದು ನಿಂತಿತ್ತು. ನೋಡಿದ್ದೇ ತಡ, ನನ್ನ ಪಿತ್ತ ನೆತ್ತಿಗೇರಿತು. ಬೆಳ್ಳಿಯ ಬಣ್ಣ ಬಳಿದಿದ್ದರು! ಫಿರಂಗಿಗೆ ಬೆಳ್ಳಿ ಬಣ್ಣ! ಗನ್ನಿನ ಕೆಳಗೆ ಹಾಸುವ ದುಂಡನೆಯ ಕಬ್ಬಿಣದ ಹಾಸು ಇರುತ್ತದೆ, ಗನ್ನು ಅದರ ಮೇಲೆ ನಿಂತು ಸುತ್ತಲೂ ತಿರುಗುತ್ತದೆ. ಅದನ್ನು ಗಾಡಿಯ ಚಕ್ರ ಎಂದುಕೊಂಡು, ಮರಕ್ಕೆ ಒರಗಿಸಿ, ಅದರ ಕಂಬಿಗಳ ನಡುವೆ ಹೂವಿನ ಕುಂಡ ಜೋಡಿಸಿದ್ದರು. ಇದಿಷ್ಟನ್ನೂ ಹೇಗೋ ನುಂಗಿಕೊಳ್ಳುತ್ತಿದ್ದೆ. ಆದರೆ ಗನ್ನಿನ ಬಾಯಿ ಇದ್ದದ್ದು ಹಟ್ಟಿಯ ಕಡೆಗೆ. ಅದರ ಹಿಂದೆ ಕೂತು ಕಣ್ಣಿಟ್ಟು ನೋಡಿದೆ. ನೇರವಾಗಿ ಒಂದು ನೀಲಿ ಬಾಗಿಲು. ಮುಚ್ಚಿತ್ತು.

“ಅದು ಯಾರ ಮನೆಯೋ?”

ಜೋಗಿ ನೆಲ ನೋಡಿದ. “ಮಾಸಿದು. ನಂಜನ ಹೆಂಡತಿದು.”

ನನ್ನ ಬಾಯಿಗೆ ಬಂದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. “ನೀನೂ ಒಬ್ಬ ಗನ್ನರಾ? ಕಣ್ಣೆದುರೇ ಹೀಗೆ ನಿಲ್ಲಿಸ್ತಿದ್ರೆ ಕಡ್ಲೆಪುರಿ ತಿಂತಿದ್ದೆಯಾ?” ಎಂದು ಕೂಗಿದೆ. “ಹೇಳಿದೆ ಅಣ್ಣಾ. ಎನ್ನ ಮಾತು ಯಾರು ಕೇಳ್ತಾರೆ? ಅದಕ್ಕೇ ನಿನಗೆ ಕಾಗದ ಹಾಕಿದ್ದು” ಎಂದ.

ಕೆಲಸ ಹಿಡಿದಿದ್ದ ಕಂಟ್ರಾಕ್ಟರ್ ಊಟಿಯವನು, ಕೂಲಿಂಗ್ ಗ್ಲಾಸ್ ಹಾಕಿದ್ದ. ಸಿಟ್ಟು ತಡೆದುಕೊಂಡು ಹೇಳಿದೆ: ಗನ್ನು ಹೊರಗಿನ ಕಣಿವೆಗೆ ಮುಖ ಮಾಡಬೇಕು, ತನ್ನವರ ಮನೆಗಲ್ಲ. ಅವನು ನಕ್ಕ. “ಮುಡಿಯಾದು ಸಾರ್, ಆಗೋದಿಲ್ಲ. ಸ್ಟೇಜು ಈ ಕಡೆ ಇದೆ. ಗೆಸ್ಟ್ ಫೋಟೋದಲ್ಲಿ ಬಾಯಿ ಕಾಣಬೇಕು. ಎರಡು ಟನ್ ಇದೆ, ತಿರುಗಿಸೋಕೆ ಕ್ರೇನ್ ಬೇಕು. ನಾಳೆ ಹತ್ತಕ್ಕೆ ಕಾಂಕ್ರೀಟ್ ಹಾಕ್ತೀವಿ, ಮುಗೀತು. ಈಗಿನ ಗನ್ನೆಲ್ಲಾ ಕಂಪ್ಯೂಟರಲ್ಲಿ ಹೊಡೆಯುತ್ತೆ. ಈ ಹಳೇ ಕಬ್ಬಿಣಕ್ಕೆ ಯಾಕೆ ಸಾರ್ ಟೆನ್ಷನ್?”

ನನಗೆ ಹೊಸ ಗನ್ನಿನ ಪಾಠ ಹೇಳಲು ಬಂದಿದ್ದ! ನಿವೃತ್ತಿಗೆ ಮುಂಚೆ ತರಬೇತಿ ಶಾಲೆಯಲ್ಲಿ ನೂರಾ ಐವತ್ತೈದು ಮಿಲಿಮೀಟರಿನ ಹೊಸ ಫಿರಂಗಿಯನ್ನು ಈ ಕೈಯಿಂದಲೇ ಮುಟ್ಟಿದ್ದೇನೆ. ತನ್ನದೇ ಇಂಜಿನ್ನಿನಿಂದ ತಾನೇ ಓಡಾಡುತ್ತದೆ, ಗುಂಡೆತ್ತಲು ಅದಕ್ಕೆ ತನ್ನದೇ ಕ್ರೇನು. ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಮೂರು ಗುಂಡು. ನೋಡಿ ಹೊಟ್ಟೆ ಉರಿದುಕೊಂಡಿದ್ದೆ, ಇದು ಆಗ ನಮಗಿದ್ದಿದ್ದರೆ ನಂಜ ಉಳಿಯುತ್ತಿದ್ದನೇನೋ ಎಂದು. ಹೊಸದನ್ನು ನಾನು ಹಳಿಯುವವನಲ್ಲ. ಆದರೆ ಅದಕ್ಕೂ ಎದುರು ಯಾವುದು, ಮನೆ ಯಾವುದು ಎಂದು ಮನುಷ್ಯನೇ ಹೇಳಬೇಕು.

ಸಂಜೆ ಜೋಗಿ ನನ್ನನ್ನು ಮಾಸಿಯ ಮನೆಗೆ ಹಿತ್ತಿಲಿನಿಂದ ಕರೆದುಕೊಂಡು ಹೋದ. ಬಿಳಿ ಬಟ್ಟೆ ಉಟ್ಟು, ತಲೆಗೆ ಬಿಳಿ ವಸ್ತ್ರ ಕಟ್ಟಿದ್ದ ಮುದುಕಿ ರಾಗಿಹಿಟ್ಟು, ಅವರೆಕಾಳಿನ ಉದಕ ಬಡಿಸಿದಳು. ಮುದ್ದೆಗೆ ಅವರು ಹಿಟ್ಟು, ಸಾರಿಗೆ ಉದಕ ಎನ್ನುತ್ತಾರೆ. ಮೆಣಸಿನ ಖಾರ ಆ ಚಳಿಗೆ ಹಿತವಾಗಿತ್ತು. ಬಡಗ ಮಾತು ನನಗೆ ಮುಕ್ಕಾಲು ಪಾಲು ತಿಳಿಯುತ್ತದೆ. ಗನ್ನು ಬಂದ ದಿನದಿಂದ ಮುಂಬಾಗಿಲು ತೆರೆದಿಲ್ಲ ಎಂದಳು. ತೆರೆದರೆ ಅದರ ತೂತು ಇವಳನ್ನೇ ನೋಡುತ್ತದಂತೆ. ಗಂಡನ ಪ್ರಾಣ ಹೋದದ್ದು ಅಂಥದ್ದೇ ಒಂದು ತೂತಿನಿಂದ ಬಂದ ಗುಂಡಿಗೆ.

“ನಾಳೆ ತಿರುಗಿಸ್ತೀನಿ ಕಣವ್ವಾ, ಅದಕ್ಕೇ ಬಂದಿದ್ದೀನಿ” ಎಂದೆ, ಎದೆ ಉಬ್ಬಿಸಿಕೊಂಡು.

ಮಾಸಿ ನನ್ನ ಪದಕಗಳನ್ನು ನೋಡಿದಳು. “ಗನ್ನ ನೋಡೋಕೆ ಬಂದೆ. ಮೂವತ್ತು ವರುಷ ಎನ್ನ ನೋಡೋಕೆ ಬರಲಿಲ್ಲ” ಎಂದಳು.

ಬೆಳಗಿನಿಂದ ಕಂಡಕ್ಟರ್ ಮೇಲೆ, ಜೋಗಿಯ ಮೇಲೆ, ಕಂಟ್ರಾಕ್ಟರ್ ಮೇಲೆ ಹಾರಿಸಿದ ಸಿಟ್ಟೆಲ್ಲ ನನ್ನ ಮೇಲೆಯೇ ಬಂದು ಬಿತ್ತು. ನಂಜನಗೂಡಿನಿಂದ ಏಳೆಂಟು ಗಂಟೆಯ ದಾರಿ, ಅಷ್ಟೇ. ಬೆಳ್ಳಿ ಬಣ್ಣ ಬಳಿದವನು ದೊಡ್ಡ ಪಾಪಿಯೋ, ನಾನೋ? ನಾಚಿಕೆಯಾಯಿತು. ಕೋಟು ಬಿಚ್ಚಿ ಪಕ್ಕಕ್ಕಿಟ್ಟು ಊಟ ಮುಗಿಸಿದೆ.

ಶನಿವಾರ ಬೆಳಕು ಹರಿಯುತ್ತಲೇ ಜೋಗಿ ಹಟ್ಟಿಯ ಎಂಟು ಜನರನ್ನು ಕರೆತಂದ. ಕುಂಡಗಳನ್ನು ತೆಗೆದು ದುಂಡು ಹಾಸನ್ನು ಉರುಳಿಸಿ ತಂದೆವು. ಚಕ್ರಗಳ ಮುಂದೆ ಮಲಗಿಸಿದೆವು. ಹಗ್ಗ ಕಟ್ಟಿ, “ತಯಾರ್… ಖೀಂಚೋ!” ಎಂದು ಕೂಗಿದೆ. ಆ ಹುಕುಂ ನನ್ನ ಬಾಯಿಂದ ಹೊರಟು ಎಷ್ಟು ಕಾಲವಾಗಿತ್ತೋ. ಮೂರನೆಯ ಎಳೆತಕ್ಕೆ ಗನ್ನು ಹಾಸಿನ ಮೇಲೆ ಹತ್ತಿ ಕೂತಿತು.

ಅಷ್ಟರಲ್ಲಿ ಕಂಟ್ರಾಕ್ಟರ್ ಓಡಿಬಂದ. “ಯೋವ್, ಯಾರ್ ಹೇಳಿದ್ದು? ಕ್ರೇನ್ ಇಲ್ಲದೆ ತಿರುಗೋದಿಲ್ಲ, ಬಿಡ್ರಿ!”

“ಗುಂಡು ಬೀಳುವಾಗ ಕ್ರೇನ್‌ಗೆ ಕಾಯ್ತಾ ಕೂತಿದ್ವೇನೋ, ಮಂಕೇ?” ಎಂದೆ. ಜೋಗಿಗೆ ಸನ್ನೆ ಮಾಡಿದೆ. ಅವನು ಹಿಂದಕ್ಕೆ ಹೋಗಿ ಗನ್ನಿನ ಬಾಲ ಎತ್ತಿ ಹೆಜ್ಜೆ ಪಕ್ಕಕ್ಕಿಟ್ಟ. ಎರಡು ಟನ್ ಕಬ್ಬಿಣ ಆ ಅರವತ್ತರ ಮುದುಕನ ಹಿಂದೆ ಬೀಸುವ ಕಲ್ಲಿನಷ್ಟು ಸಲೀಸಾಗಿ ತಿರುಗಿತು. ಕಂಟ್ರಾಕ್ಟರ್ ಕೂಲಿಂಗ್ ಗ್ಲಾಸ್ ತೆಗೆದು ನೋಡಿದ. ಬಾಯಿ ಕಣಿವೆಯ ಕಡೆ ಬಂದು ನಿಂತಾಗ ಜೋಗಿ ಬಾಲ ಇಳಿಸಿ ಸೆಲ್ಯೂಟ್ ಹೊಡೆದ. “ಫೋಟೋ?” ಎಂದ ಕಂಟ್ರಾಕ್ಟರ್. “ನಿನ್ನ ಸ್ಟೇಜು ತಿರುಗಿಸ್ಕೋ. ಅದಕ್ಕೆ ಬೇಕಾದ್ರೆ ಕ್ರೇನ್ ತರಿಸು” ಎಂದೆ. ಹಟ್ಟಿಯವರು ನಕ್ಕರು. ಹತ್ತು ಗಂಟೆಗೆ ಕಾಂಕ್ರೀಟ್ ಬಿತ್ತು.

ಭಾನುವಾರದ ಭಾಷಣಗಳಲ್ಲಿ ಹೇಳುವಂಥದ್ದೇನೂ ಇರಲಿಲ್ಲ. ಅತಿಥಿ ನಂಜನ ಹೆಸರನ್ನೇ ಎರಡು ಸಲ ತಪ್ಪು ಹೇಳಿದರು. ಮಾಸಿ ಸಭೆಗೆ ಬರಲಿಲ್ಲ, ನಾನೂ ಕರೆಯಲಿಲ್ಲ.

ವಾಪಸಾಗಲು ಕಲ್ಹಟ್ಟಿ ಇಳಿದು ಮಸಿನಗುಡಿಗೆ ಹೋಗುವ ಜೀಪು ಸಿಕ್ಕಿತು. ಮೂವತ್ತಾರು ತಿರುವಿನ ಇಳಿಜಾರು, ಹೊಟ್ಟೆ ತೊಳೆಸುತ್ತದೆ, ಏನೂ ತಿನ್ನಬೇಡ ಎಂದು ಜೋಗಿ ಎಚ್ಚರಿಸಿದ್ದ. ಆದರೂ ಮಾಸಿ ಕಟ್ಟಿಕೊಟ್ಟ ರಾಗಿಹಿಟ್ಟಿನ ಗಂಟು ತೊಡೆಯ ಮೇಲಿತ್ತು. ಜೀಪು ಹಟ್ಟಿ ಬಿಡುವಾಗ ಹಿಂದಿರುಗಿ ನೋಡಿದೆ. ನೀಲಿ ಬಾಗಿಲು ಪೂರ್ತಿ ತೆರೆದಿತ್ತು. ಮಾಸಿ ಸೆರಗಿನಲ್ಲಿ ಏನೋ ಹಿಡಿದುಕೊಂಡು ಗನ್ನಿನತ್ತ ನಡೆದು ಬರುತ್ತಿದ್ದಳು. ಹತ್ತಿರ ಬಂದವಳು ಗನ್ನಿನ ಮುಂದೆ ಹಾದುಹೋಗುವ ಕಾಲುದಾರಿ ಬಿಟ್ಟು, ಸುತ್ತಿ, ಹಿಂದಿನಿಂದಲೇ ಬಂದು ನಂಜ ಕೂರುತ್ತಿದ್ದ ಜಾಗದಲ್ಲಿ ಹೂವಿಟ್ಟಳು. ಬಾಯಿಯ ಮುಂದೆ ದಾಟಬಾರದೆಂದು ಅವಳಿಗೆ ನಾವ್ಯಾರೂ ಹೇಳಿರಲಿಲ್ಲ. ರಜೆಗೆ ಬಂದಾಗ ಅವನೇ ಹೇಳಿರಬೇಕು.