ಹೊಟ್ಟೆಯೊಳಗಿನ ನೆಂಟರು, ಅಕ್ಕನ ಖಾರ

ಬೆಳಿಗ್ಗೆ ಹಾಲು ಡೈರಿಗೆ ಹಾಕಿದೆ. ರಾಗಿ ಕೇರಿದೆ. ಎರಡು ಸೀರೆ ಒಗೆದೆ. ಒಬ್ಬಳಿಗೆ ಅಂತ ಒಂದು ಹಿಡಿ ಹುರುಳಿಕಾಳು ನೆನೆಹಾಕಿದೆ. ಆಮೇಲೆ ಕೂತು ನನ್ನ ಹೊಟ್ಟೆಯ ರಿಪೋರ್ಟ್ ಓದಿದೆ.

ನಗಬೇಡಿ. ಮೈಸೂರಲ್ಲಿ ಓದುವ ಅಣ್ಣನ ಮಗಳು ಸೌಮ್ಯ ತನ್ನ ಪ್ರಾಜೆಕ್ಟಿಗೆ ಅಂತ ಡಬ್ಬಿ ಕೊಟ್ಟು ಸ್ಯಾಂಪಲ್ ಕೇಳಿದ್ದಳು. (ಯಾವ ಸ್ಯಾಂಪಲ್ ಅಂತ ಬಿಡಿಸಿ ಹೇಳಲ್ಲ. ನೀವು ತಿಂಡಿ ತಿನ್ನುತ್ತಾ ಓದುತ್ತಿರಬಹುದು.) ನಾನು ಒಪ್ಪಿದ್ದು ಸ್ವಾರ್ಥಕ್ಕೆ. ನನ್ನ ಹೊಟ್ಟೆನೋವಿಗೆ ಅಕ್ಕನ ಖಾರವೇ ಕಾರಣ ಅಂತ ಕಾಗದದಲ್ಲಿ ಬರಲಿ ಅಂತ!

ಅಕ್ಕ ಅಂದರೆ ನನ್ನ ಓರಗಿತ್ತಿ. ಭಾವ ತೀರಿಕೊಂಡ ಮೇಲೂ ಪಾಂಡವಪುರದ ಈ ಮನೆಯಲ್ಲೇ ಇದ್ದಾಳೆ. ನಮ್ಮೆಜಮಾನರು ಲಾರಿ ಡ್ರೈವರ್, ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ಉಳಿದಂತೆ ನಾವಿಬ್ಬರೇ. ಉಪ್ಸಾರಿಗೆ ಕಲಸಿಕೊಳ್ಳಲು ಅವಳು ಅರೆಯುವ ಮೆಣಸಿನಕಾಯಿ ಖಾರ ತಿಂದೇ ಹೊಟ್ಟೆ ಕೆಟ್ಟಿತು ಅಂತ ಯುಗಾದಿ ಕಳೆದ ಮೇಲೆ ಒಂದು ದಿನ ಅಂದುಬಿಟ್ಟೆ. ಮಾರನೇ ದಿನವೇ ಅವಳು ಹಿತ್ತಲ ಕೋಣೆಯಲ್ಲಿ ಬೇರೆ ಒಲೆ ಹೂಡಿದಳು. ಒಂದೇ ಸೂರು, ಎರಡು ಒಲೆ. ಮಾತಿಲ್ಲ.

ಸೌಮ್ಯಳಿಗೆ ಫೋನ್ ಮಾಡಿದೆ. "ಇದ್ರಲ್ಲಿ ಖಾರದ ಸುದ್ದಿನೇ ಇಲ್ವಲ್ಲೇ?"

"ಅತ್ತೆ, ಅದು ಖಾರದ ತಂಟೆಗೇ ಹೋಗಕಿಲ್ಲ. ಹೊಟ್ಟೇಲಿ ಯಾವ್ಯಾವ ಬ್ಯಾಕ್ಟೀರಿಯಾ ಎಷ್ಟೆಷ್ಟವೆ ಅಂತ ನೋಡಿರೋದು. ಅವುಗಳಲ್ಲಿ ಏನೇನು ಜೀನ್ ಇರ್ಬೋದು ಅಂತ ಕಂಪ್ಯೂಟರು ಅಂದಾಜು ಮಾಡೈತೆ."

"ಜೀನ್ ನೋಡ್ದಲೇ ಎಂಗೆ ಯೋಳ್ತದೆ?"

"ಅವುಗಳ ಹತ್ತಿರದ ನೆಂಟರ ಜೀನ್ ಮೊದ್ಲೇ ಓದವ್ರೆ. ನೆಂಟರಲ್ಲಿದ್ರೆ ಇವುಗಳಲ್ಲೂ ಇರ್ಬೋದು ಅಂತ. ಬಾಳ ಸಲ ಸರಿ ಬತ್ತದೆ, ಒಂದೊಂದ್ಸಲ ಎಡವಟ್ಟಾಯ್ತದೆ. ಹೊಟ್ಟೆನೋವಿಗೆ ಡಾಕ್ಟ್ರತ್ರ ಹೋಗತ್ತೆ."

ಹೆಣ್ಣು ನೋಡುವಾಗ ನಾವು ಮಾಡೋದೂ ಇದೇ ಅಲ್ಲವೆ? ಯಾವೂರು, ಯಾರ ಮನೆ? ಅಷ್ಟು ಕೇಳಿ ಗುಣ ಹೇಳಿಬಿಡುತ್ತೇವೆ. ಅಕ್ಕನ ತವರು ಹೊಣಕೆರೆ ಕಡೆ. ಆ ಕಡೆಯವರ ಅಡುಗೆಯಲ್ಲಿ ಖಾರ ಜಾಸ್ತಿ ಅಂತ ನಾನು ಈ ಮನೆಗೆ ಬಂದ ವಾರವೇ ಯಾರೋ ಕಿವಿಗೆ ಹಾಕಿದ್ದರು. ಕಂಪ್ಯೂಟರಾದರೂ 'ಅಂದಾಜು' ಅಂತ ಒಪ್ಪಿಕೊಳ್ಳುತ್ತದೆ. ನಾನು ಒಪ್ಪಿಕೊಂಡಿದ್ದೆನೆ?

ಸಂಜೆ ಹಿತ್ತಲ ಬಾಗಿಲಲ್ಲಿ ನಿಂತೆ. "ಅಕ್ಕಾ, ರಿಪೋರ್ಟ್ ಬಂತು. ನಿನ್ನ ಖಾರದ ತಪ್ಪು ಅಂತ ಏನೂ ಇಲ್ಲ."

ಅವಳು ಒರಳಿನಿಂದ ತಲೆ ಎತ್ತಲಿಲ್ಲ. "ಕಾಗ್ದ ಬರೋಗಂಟ ಕಾಯ್ಬೇಕಿತ್ತೇನವ್ವ? ನಿಂಗೆ ಖಾರ ಆಗಕಿಲ್ಲ ಅಂತ, ನೀನು ಬಂದ ವರ್ಸದಿಂದ್ಲೂ ಎರಡೇ ಮೆಣಸಿನಕಾಯಿ ಹಾಕಿ ಬ್ಯಾರೆ ಅರೀತಿದ್ದೆ. ಒಂದಿನನಾರ ನೋಡಿದ್ಯಾ?"

ನೋಡಿರಲಿಲ್ಲ. ಇಷ್ಟು ವರ್ಷ ಬಡಿಸಿದ್ದನ್ನು ಉಂಡೆ. ಅರೆಯುವಾಗ ಒಮ್ಮೆಯೂ ಪಕ್ಕ ಕೂರಲಿಲ್ಲ.

"ಒಟ್ಟಿಗೆ ಉಣ್ಣೋಣ ಬಾಕ್ಕ" ಅಂದೆ.

"ನಂದು ಆಯ್ತು ಬುಡು" ಅಂದಳು. (ಮುದ್ದೆಗೆ ಇಟ್ಟ ಎಸರು ಇನ್ನೂ ಒಲೆಯ ಮೇಲೇ ಕುದಿಯುತ್ತಿತ್ತು.) ಆದರೂ ಒಂದು ಪುಟ್ಟ ಬಟ್ಟಲಲ್ಲಿ ಖಾರ ತೆಗೆದು ಕೈಗಿಟ್ಟಳು.

ಮುದ್ದೆ, ಹುರುಳಿಕಾಳಿನ ಉಪ್ಸಾರು, ಆ ಖಾರ. ನನ್ನ ಒಲೆಯ ಮುಂದೆ ಒಬ್ಬಳೇ ಉಂಡೆ. ಇವತ್ತೂ ಎರಡೇ ಮೆಣಸಿನಕಾಯಿಯ ಖಾರ. ಅಕ್ಕ ನನಗಿಂತ ಮೊದಲೇ ಮಲಗಿದಳು.

ಬಟ್ಟಲು ತೊಳೆದಿಟ್ಟಿದ್ದೇನೆ. ನಮ್ಮಲ್ಲಿ ಬಂದ ಬಟ್ಟಲನ್ನು ಬರಿದಾಗಿ ವಾಪಸು ಕೊಡುವುದಿಲ್ಲ. ನಾಳೆ ಏನು ಹಾಕಿ ಕೊಡಲಿ, ಹೇಳಿ?